ಬಲಗಾಲಿನ ನಾಲ್ಕು ಗೆರೆ

ನಮ್ಮ ಮನೆಯವರದು ಕ್ಷೌರದ ಅಂಗಡಿ. ಮೂವತ್ತು ವರ್ಷದಿಂದ ಊರ ಗಂಡಸರ ಕುತ್ತಿಗೆಗೆ ಕತ್ತಿ ಹಿಡಿದರೂ ಒಂದು ಹನಿ ರಕ್ತ ಕಂಡವರಲ್ಲ. ಬಾಯಿಗೆ ಮಾತ್ರ ಬೀಗವಿಲ್ಲ. ಗಿರಾಕಿ ಎದ್ದು ಹೋದ ಮೇಲೂ ಖಾಲಿ ಕುರ್ಚಿಗೆ ಕಥೆ ಹೇಳುವ ಆಸಾಮಿ.

ಅಂಥವರು ಲಾಂಚು ಮುಳುಗಿದ ದಿನದಿಂದ ಮೂಕರಾದರು. ಹೊಳೆ ದಾಟುತ್ತಿದ್ದ ಅರವತ್ತು ಜನರಲ್ಲಿ ಉಳಿದವರು ಹನ್ನೊಂದೇ. ಗಂಡ ಸಿಕ್ಕಿದರಲ್ಲ ಎಂದು ಹಿಗ್ಗಿದ್ದೆ. ಸಿಕ್ಕಿದ್ದು ಅರ್ಧ ಗಂಡ! ತಂಬಿಗೆ ನೀರು ಕಂಡರೂ ಬೆವರುತ್ತಿದ್ದರು. ಬಲಗಾಲಿನ ಸಾಕ್ಸ್ ಅಂತೂ ಬಿಚ್ಚುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿ ನಾನೇ ಎಳೆದು ತೆಗೆದೆ. ಕಾಲಗಂಟಿನ ಮೇಲೆ ನಾಲ್ಕು ಉಗುರಿನ ಗೆರೆ, ಆಳವಾಗಿ.

"ನೀರಲ್ಲಿ ಯಾರೋ ಹಿಡ್ಕೊಂಡ್ರು ಕಣೇ," ಎಂದರು. "ಜೋರಾಗಿ ಒದ್ದೆ. ಒದ್ದ ಮೇಲೇ ಬಿಟ್ಟಿದ್ದು."

ನಾನೇ ಸಾಕ್ಸ್ ಮತ್ತೆ ಏರಿಸಿದೆ. ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದೆ.

ಬದುಕಿ ಉಳಿದವರೆಲ್ಲ ರಜೆಯ ದಿನ ನಮ್ಮ ಅಂಗಡಿಯಲ್ಲೇ ಸೇರುತ್ತಿದ್ದರು. ಮುಂಚೆ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಈಗ ಬಿಟ್ಟಿರಲಾರರು. ಮುಖಕ್ಕೆ ನೀರು ಚಿಮುಕಿಸಿದರೆ ಅವರಲ್ಲೊಬ್ಬರು, ರಿಟೈರಾದ ಮೇಷ್ಟ್ರು, ಚೀರುತ್ತಿದ್ದರು, ಇವರೂ ನೀರಿನ ಬಟ್ಟಲು ಮುಟ್ಟಲು ಒಲ್ಲರು. "ಒಳ್ಳೆ ಜೋಡಿ ಬಿಡಿ, ಒಣ ಕ್ಷೌರ!" ಎಂದು ನಾನು ರೇಗಿಸಿದರೆ ಇಬ್ಬರೂ ನಗುತ್ತಿದ್ದರು. ಆದರೆ ಯಾರಾದರೂ ಆ ದಿನದ ಮಾತೆತ್ತಿದರೆ ಇವರ ಕತ್ತರಿ ಗಕ್ಕನೆ ನಿಲ್ಲುತ್ತಿತ್ತು, ನಾನು ಮಾತು ತಿರುಗಿಸುತ್ತಿದ್ದೆ.

ಆ ಹನ್ನೊಂದರಲ್ಲಿ ಒಬ್ಬಳು, ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ ಟೈಲರಕ್ಕ, ಒಂದು ದಿನ ಮೊದಲ ಸಲ ಬಂದಳು. ಮುಂದಿನ ಎರಡು ಹಲ್ಲಿರಲಿಲ್ಲ. ಇವರ ಮುಖ ಬಿಳಿಚಿಕೊಂಡಿತು.

"ಹಲ್ಲು ಹೇಗೆ ಹೋಯ್ತಕ್ಕಾ?" ಎಂದು ಕೇಳಿದರು.

"ಗೊತ್ತಿಲ್ಲಣ್ಣ. ನೀರಲ್ಲಿ ಏನೋ ಬಡೀತು."

ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಕೇಳಿದರೆ ತಾನೇ? ಸಾಕ್ಸ್ ಕಿತ್ತೆಸೆದು, ಎಲ್ಲರ ಮುಂದೆ ಎಲ್ಲವನ್ನೂ ಹೇಳಿ, ಕಣ್ಣು ಮುಚ್ಚಿ ಅಳುತ್ತಾ ಕೂತುಬಿಟ್ಟರು. ಹಿಡಿದು ಬಡಿಯುತ್ತಾರೋ, ಪೊಲೀಸರನ್ನು ಕರೆಯುತ್ತಾರೋ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

ಟೈಲರಕ್ಕ ನೆಲಕ್ಕೆ ಕೂತು ಆ ಗೆರೆಗಳ ಮೇಲೆ ತನ್ನ ಬೆರಳಿಟ್ಟಳು. ಮಗುವಿನಷ್ಟು ಚಿಕ್ಕ ಕೈ ಅವಳದು. ಎಷ್ಟು ಅಗಲಿಸಿದರೂ ಕಿರುಬೆರಳು ಕೊನೆಯ ಗೆರೆಗೆ ಎಟುಕಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿದಳು.

"ನಾನೇ ಅಣ್ಣ," ಎಂದಳು. "ಬದುಕಿದೀನಲ್ಲ, ಅಳಬೇಡಿ."

ಅಂದು ಇವರು ಹೆದರದೆ ತಲೆಯ ಮೇಲೆ ನೀರು ಹೊಯ್ದುಕೊಂಡರು. ಈಗ ಬೆಳಗಿನಿಂದ ಸಂಜೆವರೆಗೆ ಅದೇ ಹಳೇ ವಟವಟ. ಅವರ ಭಯ ಹೋಯಿತು, ನಿಜ. ಹೋಗಿ ನನ್ನ ಹೊಟ್ಟೆಯಲ್ಲಿ ಕೂತಿದೆ. ಅಂಗಡಿಗೆ ಹೊಸಬರು ಯಾರೇ ಬರಲಿ, ನಾನು ಮೊದಲು ನೋಡುವುದು ಕೈಯನ್ನು.

ಮೊನ್ನೆ ಒಬ್ಬ ಹೆಂಗಸು ಫೋಟೋ ಹಿಡಿದು ಬಂದಳು. "ನಮ್ಮ ಮನೆಯವರು. ಅದೇ ಲಾಂಚಲ್ಲಿದ್ರು. ಕೊನೇಲಿ ಯಾರಾದ್ರೂ ನೋಡಿದ್ರಾ ಅಂತ ಕೇಳ್ತಾ ಇದೀನಿ."

ಇವರು ಕೈಚಾಚುವಷ್ಟರಲ್ಲಿ ನಾನು ಕಿತ್ತುಕೊಂಡೆ. ಕುರ್ಚಿಯಲ್ಲಿ ಕೂತು ನಗುತ್ತಿದ್ದ ಮನುಷ್ಯ. ಎರಡೂ ಕೈ ಮಂಡಿಯ ಮೇಲಿದ್ದವು. ಅಗಲವಾದ, ದೊಡ್ಡ ಕೈಗಳು.

"ಇಲ್ಲಮ್ಮ," ಎಂದೆ. "ನಮ್ಮವರು ನೋಡಿಲ್ಲ."