ಐನೂರು ಗ್ರಾಂ

ಕ್ಲಬ್ಬಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ತಕ್ಕಡಿ. ಗುರಿ ಅಭ್ಯಾಸದ ಉದ್ದನೆಯ ಹಾಲ್‌ನ ಹಿಂದೆ, ಬಟ್ಟೆ ಬದಲಿಸುವ ಕೋಣೆಗೆ ಅಂಟಿಕೊಂಡಂತೆ ಅವನದೊಂದು ಸಣ್ಣ ಕೋಣೆ. ಅದರಲ್ಲಿ ಒಂದು ಕಿಟಕಿ, ಒಂದು ಬೆಂಚು, ಬೆಂಚಿನ ಮೇಲೆ ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು. ಪಂದ್ಯದ ಏರ್ ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಅವುಗಳ ಟ್ರಿಗರ್ ಹದಮಾಡಿ ಕೊಡುವುದು ಅವನ ಕೆಲಸ. ಅದಕ್ಕೆ ಮುಂಚೆ ಬಹಳ ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದ. ದಾರ ಹರಿಯದ ಹಾಗೆ, ಸಡಿಲವೂ ಆಗದ ಹಾಗೆ ಸ್ಪ್ರಿಂಗ್ ಕೂರಿಸಿ ಕೂರಿಸಿ ಪಳಗಿದ ಕೈ ಅದು.

ಟ್ರಿಗರ್ ಎಂದರೆ ಎಳೆದರೆ ಗುಂಡು ಹಾರಿಸುವ ಕೊಕ್ಕೆ, ಅಷ್ಟೇ ಎಂದು ತಿಳಿದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳಗೆ ಎರಡು ಉಕ್ಕಿನ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿರುತ್ತವೆ. ಕಚ್ಚಿದ್ದು ಜಾಸ್ತಿಯಾದರೆ ಎಳೆತ ಒರಟಾಗುತ್ತದೆ, ಕಡಿಮೆಯಾದರೆ ಕೆಮ್ಮಿದರೂ ಗುಂಡು ಹಾರುತ್ತದೆ. ಧೂಳು ಕೂತರೆ ಕೆಡುತ್ತದೆ, ಸವೆದರೆ ಕೆಡುತ್ತದೆ. ಎಣ್ಣೆ ಬಿಟ್ಟುಕೊಂಡು ಬಂದವರಿಗಂತೂ ಮಂಗಳಾರತಿ ಕಾದಿರುತ್ತಿತ್ತು. "ಇದೇನು ತಲೆಕೂದ್ಲಾ, ಎಣ್ಣೆ ಹಚ್ಚೋಕೆ?" ಎಂದು ಪಿಸ್ತೂಲನ್ನು ಬಟ್ಟೆಯ ಮೇಲೆ ಮಲಗಿಸಿ, ಆ ದಿನವೆಲ್ಲ ಮುಖ ಗಂಟುಹಾಕಿಕೊಂಡಿರುತ್ತಿದ್ದ.

ನಿಯಮ ಸರಳ. ಟ್ರಿಗರ್ ಕನಿಷ್ಠ ಐನೂರು ಗ್ರಾಂ ತಡೆದುಕೊಳ್ಳಬೇಕು. ಪಂದ್ಯಕ್ಕೆ ಮುಂಚೆ ಅಧಿಕಾರಿ ಪಿಸ್ತೂಲಿನ ಮೂತಿ ಮೇಲೆ ಮಾಡಿ, ಐನೂರರ ಬಟ್ಟನ್ನು ಟ್ರಿಗರ್‌ಗೆ ಸಿಕ್ಕಿಸಿ, ಮೇಜಿನಿಂದ ಮೆಲ್ಲಗೆ ಎತ್ತುತ್ತಾರೆ. ಬಟ್ಟು ಎದ್ದರೆ ಪಾಸು. ಏಳುವ ಮೊದಲೇ ಟ್ರಿಗರ್ ಟಕ್ ಎಂದರೆ ವಾಪಸ್. ಪಂದ್ಯ ಮುಗಿದ ಮೇಲಿನ ತಪಾಸಣೆಯಲ್ಲಿ ಟಕ್ ಎಂದರೆ ಆಡಿದ್ದೆಲ್ಲ ಮಣ್ಣುಪಾಲು. ಎಲ್ಲರಿಗೂ ಬೇಕಾದದ್ದು ಐನೂರರ ಗೆರೆ ದಾಟದೆ ಎಷ್ಟು ಹಗುರವಾಗುತ್ತದೋ ಅಷ್ಟು ಹಗುರ. ತಕ್ಕಡಿ ಐನೂರ ಹತ್ತಕ್ಕೆ ಕೂರಿಸುತ್ತಿದ್ದ. ಆ ಹತ್ತು ಗ್ರಾಂ ಸವೆತದ ಲೆಕ್ಕಕ್ಕೆ. ಟ್ರಿಗರ್ ಭಾರವಾಗಿದೆಯೇ ಎಂದು ಮಾತ್ರ ಯಾವ ಅಧಿಕಾರಿಯೂ ನೋಡುವುದಿಲ್ಲ. ಭಾರ ಮಾಡಿಕೊಂಡು ಆಡುವ ಹುಚ್ಚರು ಯಾರಿದ್ದಾರೆ?

ಅವನು ಹದಮಾಡಿದ ಪಿಸ್ತೂಲುಗಳಲ್ಲಿ ಮೊದಲನೆಯದು ಅವನ ಅಕ್ಕನದು. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ವಯಸ್ಸು. ಟೆಲಿಫೋನ್ ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಕ್ಕನೇ ಅವನನ್ನು ಸಾಕಿದಳು. ಬೆಳಿಗ್ಗೆ ಒಲೆಯ ಕಡೆ ಕಣ್ಣಿಟ್ಟುಕೊಂಡೇ ಅವನ ಅಂಗಿಯ ಗುಂಡಿಗಳನ್ನು ಮೇಲಿಂದ ಕೆಳಗೆ ಪಟಪಟನೆ ಹಾಕಿಬಿಡುತ್ತಿದ್ದಳು, ಒಂದನ್ನೂ ನೋಡುತ್ತಿರಲಿಲ್ಲ. ಕಚೇರಿಯ ಕ್ರೀಡಾ ಕೂಟದಲ್ಲಿ ತಮಾಷೆಗೆಂದು ಹಿಡಿದ ಪಿಸ್ತೂಲು ಅವಳ ಕೈ ಬಿಡಲೇ ಇಲ್ಲ. ಭಾವ ತೀರಿಕೊಂಡ ವರ್ಷ ಅವಳು ಯಾರ ಮುಂದೆಯೂ ಅಳಲಿಲ್ಲ. ದಿನಾ ಸಂಜೆ ಕ್ಲಬ್ಬಿಗೆ ಬಂದು, ಪೆಟ್ಟಿಗೆಯಲ್ಲಿದ್ದ ಗುಂಡು ಖಾಲಿಯಾಗುವವರೆಗೆ ಆಡಿ ಹೋಗುತ್ತಿದ್ದಳು. ನಿವೃತ್ತಿಯಾದ ಮೇಲೆ ಹಿರಿಯರ ಪಂದ್ಯಗಳಲ್ಲಿ ಅವಳದೇ ಮೇಲುಗೈ. "ಎಲ್ಲಾ ನನ್ನ ತಮ್ಮನ ಕೈಗುಣ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ಅವಳು ಒಂದು ಚಳಿಗಾಲದ ಬೆಳಿಗ್ಗೆ ಪಿಸ್ತೂಲನ್ನು ಬೆಂಚಿನ ಮೇಲಿಟ್ಟಳು.

"ತಡೆ ಸಿಗ್ತಾ ಇಲ್ಲ ಕಣೋ. ಜಾರಿ ಹೋಗುತ್ತೆ."

ಪಂದ್ಯದ ಟ್ರಿಗರ್ ಮೊದಲು ಸ್ವಲ್ಪ ದೂರ ಸಲೀಸಾಗಿ ಹಿಂದಕ್ಕೆ ಬರುತ್ತದೆ. ಆಮೇಲೆ ಒಂದು ತಡೆ ಸಿಗುತ್ತದೆ. ಆಟಗಾರರ ಬೆರಳು ಆ ತಡೆಗೆ ಒರಗಿ ನಿಂತು, ಗುರಿ ಕೂಡಿ ಬರುವವರೆಗೆ ಕಾಯುತ್ತದೆ. ಆ ತಡೆ ಸಿಗದಿದ್ದರೆ ಗುಂಡು ತನಗೆ ಬೇಕಾದಾಗ ಹೊರಡುತ್ತದೆ, ಆಡುವವರಿಗೆ ಬೇಕಾದಾಗ ಅಲ್ಲ. ತಕ್ಕಡಿ ಬಿಚ್ಚಿ ನೋಡಿದ. ಅಂಚುಗಳು ಕನ್ನಡಿಯಂತಿದ್ದವು. ತೂಗಿದ, ಐನೂರ ಹತ್ತು. ತನ್ನ ಬೆರಳಿಟ್ಟು ನೋಡಿದ, ತಡೆ ಇದ್ದ ಜಾಗದಲ್ಲೇ ಇತ್ತು. ಒರೆಸಿ ಕೊಟ್ಟು ಕಳಿಸಿದ. ಮುಂದಿನ ವಾರ ಅವಳು ಅದೇ ದೂರು ಹೊತ್ತು ಬಂದಳು.

"ಸರಿ, ನನ್ನ ಮುಂದೆ ಒಂದ್ಸಲ ಎಳೆದು ತೋರಿಸು" ಎಂದ.

ಅವಳು ಕೈ ಚಾಚಿ ಹಿಡಿದಳು. ಆದರೆ ಅವಳ ಕಣ್ಣು ಗುರಿಯ ಮೇಲಿರಲಿಲ್ಲ, ತನ್ನ ತೋರುಬೆರಳಿನ ಮೇಲಿತ್ತು. ಟ್ರಿಗರ್ ಟಕ್ ಎಂದಾಗ ಅವಳೇ ಬೆಚ್ಚಿದಳು. ಆಮೇಲೆ ಹೊರಡಲು ಕೋಟು ಹಾಕಿಕೊಂಡು, ತಲೆ ತಗ್ಗಿಸಿ, ಗುಂಡಿಯನ್ನು ನೋಡಿ ನೋಡಿ ಹಾಕಿಕೊಂಡಳು. ಎರಡು ಸಲ ತಪ್ಪಿತು. "ವಯಸ್ಸಾಯ್ತು ನೋಡು, ಕೈ ಯಾವಾಗ್ಲೂ ಜೋಮು" ಎಂದು ನಕ್ಕಳು. ತಕ್ಕಡಿಗೆ ಅರ್ಥವಾಯಿತು. ಕೆಟ್ಟಿದ್ದು ಪಿಸ್ತೂಲಲ್ಲ.

ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ ಕೂಡ. ಹೇಳಿದರೆ ಅವಳು ಇದನ್ನು ಬಿಡಬೇಕಾಗುತ್ತದೆ, ಬಿಟ್ಟರೆ ಸಂಜೆ ಹೋಗಲು ಅವಳಿಗೆ ಇನ್ನೊಂದು ಜಾಗವಿಲ್ಲ ಎಂದು ಅವನಿಗೆ ಗೊತ್ತಿತ್ತು. ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಜೀವಮಾನವಿಡೀ ಏನೇ ಕೆಟ್ಟರೂ ಅವನಿಗೆ ಹೊಳೆಯುತ್ತಿದ್ದ ಉತ್ತರ ಒಂದೇ, ಸ್ಕ್ರೂ ತಿರುಗಿಸುವುದು.

"ಬಿಟ್ಟು ಹೋಗಕ್ಕ, ನೋಡ್ತೀನಿ" ಎಂದ.

ತಡೆಯ ಸ್ಕ್ರೂವನ್ನು ಒಂದಿಷ್ಟು ಬಿಗಿಮಾಡಿ ಐನೂರ ಐವತ್ತಕ್ಕೆ ತಂದ. ಮಾರನೆಯ ದಿನ ಅವಳು ಎಳೆದು ನೋಡಿ, "ಹಾಂ, ಈಗ ಸಿಕ್ತು. ಏನಾಗಿತ್ತೋ?" ಎಂದಳು.

"ಧೂಳು."

"ಎಷ್ಟಿದೆ ಈಗ?"

"ಐನೂರ ಹತ್ತು."

ಅವಳು ಮರುಮಾತಾಡದೆ ನಂಬಿದಳು. ತಮ್ಮ ಹೇಳಿದ ತೂಕವನ್ನು ಮತ್ತೆ ತೂಗಿ ನೋಡುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ. ಬೇಸಿಗೆಗೆ ತಡೆ ಮತ್ತೆ ಕಳೆದುಹೋಯಿತು. ಅವನು ಆರುನೂರು ಮಾಡಿದ. ಮಳೆಗಾಲದಲ್ಲಿ ಹಳೆಯ ಸ್ಪ್ರಿಂಗ್ ಸಾಲದೆ, ತಾನೇ ದಪ್ಪ ತಂತಿ ಸುತ್ತಿ ಹೊಸದು ಮಾಡಿ ಏಳುನೂರಕ್ಕೆ ಏರಿಸಿದ. ಪ್ರತಿ ಸಲವೂ ಅವಳು "ಎಷ್ಟಿದೆ?" ಎನ್ನುತ್ತಿದ್ದಳು, ಅವನು "ಐನೂರ ಹತ್ತು" ಎನ್ನುತ್ತಿದ್ದ. ಊರಿಗೆಲ್ಲ ಟ್ರಿಗರ್ ಹಗುರ ಮಾಡಿಕೊಡುವ ಮನುಷ್ಯ ಒಡಹುಟ್ಟಿದವಳ ಟ್ರಿಗರನ್ನು ಕದ್ದು ಮುಚ್ಚಿ ಭಾರ ಮಾಡುತ್ತಿದ್ದ. ಪಂದ್ಯದ ದಿನ ಅಧಿಕಾರಿ ಬಟ್ಟು ಎತ್ತುವಾಗ ಅವನು ದೂರದಲ್ಲೇ ನಿಂತು ನೋಡುತ್ತಿದ್ದ. ಬಟ್ಟು ಸಲೀಸಾಗಿ ಏಳುತ್ತಿತ್ತು, ಅಧಿಕಾರಿ ತಲೆಯಾಡಿಸಿ ಮುಂದಿನವರನ್ನು ಕರೆಯುತ್ತಿದ್ದರು. ಹಿಡಿಯುವವರೇ ಇಲ್ಲದ ಕಳ್ಳತನ ಅದು. ಅವನಿಗೆ ಅದರಿಂದ ನೆಮ್ಮದಿಯೇನೂ ಸಿಗಲಿಲ್ಲ.

ಅದು ಹೊರಗೆ ಬಿದ್ದದ್ದು ಕ್ಲಬ್ಬಿಗೆ ಹೊಸದಾಗಿ ಸೇರಿದ್ದ ಹಲ್ಲಿನ ಡಾಕ್ಟರಿಂದ. ಒಂದು ಭಾನುವಾರ ಆಕೆ ತನ್ನ ಟ್ರಿಗರ್ ಯಾಕೋ ಒರಟು ಎಂದು ಗೊಣಗುತ್ತಿದ್ದಾಗ ಅಕ್ಕ ತನ್ನ ಪಿಸ್ತೂಲನ್ನು ಅವರ ಕೈಗಿಟ್ಟಳು.

"ಹದ ಅಂದ್ರೆ ಏನು ಅಂತ ಇದರಲ್ಲಿ ನೋಡು. ಬೆರಳು ಮುಟ್ಟಿಸಿದ್ರೆ ಸಾಕು."

ಹಲ್ಲಿನ ಡಾಕ್ಟರು ಗುರಿಯಿಟ್ಟು ಎಳೆದರು. ಟ್ರಿಗರ್ ಬರಲಿಲ್ಲ. ಇನ್ನಷ್ಟು ಒತ್ತಿದರು, ತೋಳು ನಡುಗಿತು, ಗುಂಡು ಹೋಗಿ ಕಾಗದದ ಅಂಚಿಗೆ ಬಡಿಯಿತು.

"ಅಕ್ಕ, ಇದು ತುಂಬಾ ಗಟ್ಟಿ ಇದೆಯಲ್ಲ" ಎಂದರು.

"ನಿನಗಿನ್ನೂ ಅಭ್ಯಾಸ ಇಲ್ಲ."

"ಇರಬಹುದು. ಆದ್ರೂ ನನ್ನದಕ್ಕಿಂತ ದುಪ್ಪಟ್ಟು ಅನ್ನಿಸ್ತು. ನಿಮಗೆ ಹಾಗೆ ಅನ್ನಿಸೋದಿಲ್ವಾ?"

ಅಕ್ಕನ ನಗು ಅಲ್ಲಿಗೇ ನಿಂತಿತು. ಡಾಕ್ಟರ ಪಿಸ್ತೂಲನ್ನು ಕೇಳಿ ಪಡೆದು, ಒಮ್ಮೆ ಎಳೆದು ನೋಡಿದಳು. ಗುಂಡು ಯಾವಾಗ ಹಾರಿತೋ ಅವಳಿಗೆ ತಿಳಿಯಲಿಲ್ಲ. ತನ್ನದನ್ನು ಎತ್ತಿಕೊಂಡು ತಮ್ಮನ ಕೋಣೆಗೆ ಬಂದು ಬಾಗಿಲು ಹಾಕಿದಳು.

"ತೂಗು."

ತಕ್ಕಡಿ ಅವಳ ಮುಖ ನೋಡಿದ. ಪಿಸ್ತೂಲಿನ ಮೂತಿ ಮೇಲೆ ಮಾಡಿ ಐನೂರರ ಬಟ್ಟು ಸಿಕ್ಕಿಸಿ ಎತ್ತಿದ. ಎದ್ದಿತು.

"ಇನ್ನೊಂದು ನೂರು ಹಾಕು."

ಎದ್ದಿತು. ಅವಳು ಮುಂದಿನ ಬಟ್ಟನ್ನು ತಾನೇ ಅವನತ್ತ ಸರಿಸಿದಳು. ಏಳುನೂರೂ ಎದ್ದಿತು, ಎಂಟುನೂರೂ ಎದ್ದಿತು. ಟಕ್ ಎಂದರೆ ಸಾಕು ಎಂದು ಅಷ್ಟು ವರ್ಷಗಳಲ್ಲಿ ಅವನು ಬೇಡಿಕೊಂಡದ್ದು ಅದೊಂದೇ ಸಲ. ಒಂಬೈನೂರಕ್ಕೂ ಎದ್ದು, ಸಾವಿರಕ್ಕೆ ಟಕ್ ಎಂದಿತು.

"ನೀನು ಆಡೋದು ತಪ್ಪಬಾರದು ಅಂತ..." ಎಂದು ಶುರುಮಾಡಿದ.

"ಆಟ ಹಾಳಾಗಿ ಹೋಗಲಿ. ಇದು ನನ್ನ ಕೈ ಕಣೋ. ನನಗಿಂತ ಮುಂಚೆ ನಿನಗೆ ಗೊತ್ತಾಯ್ತು. ಗೊತ್ತಾಗಿ ಸುಮ್ಮನಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಲ್ಲಿನ ಡಾಕ್ಟರೇ ಅವಳನ್ನು ತಮ್ಮ ಗುರುತಿನ ನರರೋಗ ತಜ್ಞರ ಹತ್ತಿರ ಕಳಿಸಿದರು. ತಕ್ಕಡಿಯೂ ಜೊತೆಗೆ ಹೋದ. ಬಾ ಎಂದು ಅವಳು ಕರೆದಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ತಜ್ಞರು ಅವಳಿಗೆ ಕಣ್ಣು ಮುಚ್ಚಲು ಹೇಳಿ, ಬೆರಳುಗಳ ತುದಿಗೆ ಹತ್ತಿ ಸವರಿದರು, ಸೂಜಿ ಮುಟ್ಟಿಸಿದರು. ಕಿರುಬೆರಳಿಗೆ ಅವಳು ತಕ್ಷಣ "ಹೂಂ" ಎಂದಳು. ತೋರುಬೆರಳಿನ ಮೇಲೆ ಸೂಜಿ ಎರಡು ಸಲ ಬಂದು ಹೋದರೂ ಸುಮ್ಮನೆ ಕೂತಿದ್ದಳು. ಬಾಗಿಲ ಹತ್ತಿರ ನಿಂತಿದ್ದ ತಮ್ಮ ಗೋಡೆಯ ಕಡೆ ತಿರುಗಿದ.

"ಯಾವಾಗ ಶುರುವಾಯ್ತಮ್ಮ ಇದು?"

"ನನಗೆ ಗೊತ್ತಿಲ್ಲ" ಎಂದಳು ಅಕ್ಕ. ಬಾಗಿಲ ಕಡೆ ಕೈ ತೋರಿಸಿ, "ಅವನನ್ನ ಕೇಳಿ" ಎಂದಳು.

ಅವನು ಹೇಳಿದ. ಹೋದ ವರ್ಷಕ್ಕಿಂತ ಹಿಂದಿನ ಚಳಿಗಾಲದಲ್ಲಿ ಐನೂರ ಐವತ್ತು, ಆ ಬೇಸಿಗೆಗೆ ಆರುನೂರು, ಮಳೆ ಹಿಡಿದಾಗ ಏಳುನೂರು, ಮರುವರ್ಷ ಎಂಟುನೂರು, ಆಮೇಲೆ ಒಂಬೈನೂರು. ತಜ್ಞರು ತಲೆಬುಡ ಅರ್ಥವಾಗದೆ ಪೆನ್ನು ಹಿಡಿದು ಕೂತರು. ಅವನು ಮೊದಲಿಂದ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು, ಅವಳ ಎದುರಿಗೇ. ಹೇಳಿ ಮುಗಿಸಿದಾಗ ತಜ್ಞರು ಪೆನ್ನು ಕೆಳಗಿಟ್ಟರು.

"ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ" ಎಂದರು. "ಸಣ್ಣ ಆಪರೇಷನ್ ಮಾಡಿ ಬಿಡಿಸಬಹುದು. ಇನ್ನು ಮುಂದೆ ಹಾಳಾಗದ ಹಾಗೆ ನೋಡ್ಕೋತೀವಿ. ಹೋಗಿದ್ದರಲ್ಲಿ ಎಷ್ಟು ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ. ನೀವು ಹೇಳಿದ ಆ ಆರುನೂರರ ಹೊತ್ತಿಗೆ ಬಂದಿದ್ರೆ ಪೂರ್ತಿ ಉಳೀತಿತ್ತು."

ಆರುನೂರಕ್ಕೆ ಸ್ಕ್ರೂ ತಿರುಗಿಸಿದ ಆ ಬೇಸಿಗೆಯ ಮಧ್ಯಾಹ್ನ ತಕ್ಕಡಿಯ ಕಣ್ಣಿಗೆ ಕಟ್ಟಿದಂತೆ ಬಂತು. ಕೆಲಸ ಚೆನ್ನಾಗಿ ಕೂತಿತೆಂದು ಅಂದು ಅವನಿಗೆ ಹೆಮ್ಮೆಯಾಗಿತ್ತು.

ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು. ಅಕ್ಕ ಕ್ಲಬ್ಬಿನ ಕಡೆ ತಲೆಹಾಕಲಿಲ್ಲ. ಅವನು ಮನೆಗೆ ಹೋದರೆ ಬಾಗಿಲು ತೆರೆಯುತ್ತಿದ್ದಳು, ಕೂತ್ಕೋ ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಮಾತಿರಲಿಲ್ಲ. ಅವಳ ಪಿಸ್ತೂಲು ಅವನ ಬೆಂಚಿನ ಕೆಳಗೆ ಪೆಟ್ಟಿಗೆಯಲ್ಲೇ ಉಳಿಯಿತು. ಬೇರೆಯವರ ಟ್ರಿಗರ್ ಹದಮಾಡುವಾಗಲೂ ಅವನು ಈಗ ಪ್ರತಿಯೊಬ್ಬರನ್ನೂ ಒಳಗೆ ಕರೆದು, ಅವರ ಕಣ್ಣೆದುರಿಗೇ ತೂಗಿ ಕೊಡುತ್ತಿದ್ದ. ತಕ್ಕಡಿಗೆ ವಯಸ್ಸಾಯಿತು, ಅನುಮಾನ ಜಾಸ್ತಿಯಾಗಿದೆ ಎಂದು ಜನ ನಕ್ಕರು.

ಮತ್ತೊಂದು ಚಳಿಗಾಲದಲ್ಲಿ ಅವಳು ಬಂದಳು.

"ತೆಗಿ ಅದನ್ನ. ಐನೂರು ಮಾಡು. ನಿಜವಾದ ಐನೂರು."

ಅವನು ಹಳೆಯ ಸ್ಪ್ರಿಂಗ್ ಹಾಕಿ, ಅವಳ ಎದುರಿಗೇ ತೂಗಿ ಕೊಟ್ಟ. ಅವಳು ಕಣ್ಣು ಮುಚ್ಚಿ ಬೆರಳಿಟ್ಟಳು. ಟಕ್. ಇನ್ನೊಮ್ಮೆ ಇಟ್ಟಳು. ಟಕ್. ತಡೆ ಸಿಗಲಿಲ್ಲ. "ಏರಿಸು" ಎಂದಳು. ಅವನು ಏರಿಸಿದ, ತೂಗಿ ತೋರಿಸಿದ, ಅವಳು ಮತ್ತೆ ಕಣ್ಣು ಮುಚ್ಚಿದಳು. ಹೀಗೇ ನಡೆಯಿತು. ನಡುವೆ ಅವನು ದಪ್ಪ ಸ್ಪ್ರಿಂಗ್ ಹಾಕಿದ. ಕೊನೆಗೊಮ್ಮೆ ಅವಳ ಬೆರಳು ಹಿಂದಕ್ಕೆ ಬಂದು, ನಿಂತು, ಅಲ್ಲೇ ಒರಗಿ ಕಾದಿತು.

"ಇಲ್ಲಿದೆ" ಎಂದಳು ಕಣ್ಣು ತೆರೆಯದೆ. "ಎಷ್ಟಿದೆ?"

ಅವನ ನಾಲಿಗೆಯ ತುದಿಗೆ ಹಳೆಯ ಅಭ್ಯಾಸದ ಐನೂರ ಹತ್ತು ಬಂದು ನಿಂತಿತ್ತು. ಅದನ್ನು ನುಂಗಿಕೊಂಡ.

"ಎಂಟುನೂರಕ್ಕ."

ಒಂಬೈನೂರರಿಂದ ಎಂಟುನೂರು. ನರ ವಾಪಸ್ ಕೊಟ್ಟಿದ್ದು ಅಷ್ಟೇ. ಅವಳು ಪಿಸ್ತೂಲನ್ನು ಬಟ್ಟೆಯ ಮೇಲೆ ಮಲಗಿಸಿ, "ಹಾಗೇ ಇರಲಿ. ಶನಿವಾರ ಬರ್ತೀನಿ" ಎಂದು ಎದ್ದು ಕೋಟು ಹಾಕಿಕೊಂಡಳು. ಕತ್ತಿನ ಗುಂಡಿಗೆ ಕೈ ಹಾಕಿದಳು, ತಪ್ಪಿತು. ಕೈ ಕೆಳಗಿಳಿಸಿ ಅವನ ಎದುರಿಗೆ ಬಂದು, ಗಲ್ಲ ಮೇಲೆತ್ತಿ ನಿಂತಳು.

"ಈ ಗುಂಡಿ ಹಾಕೋ" ಎಂದಳು.

ಅವನು ಮೇಲಿಂದ ಕೆಳಗೆ, ಒಂದೊಂದನ್ನೂ ನೋಡಿ ನೋಡಿ ಹಾಕಿದ.