ಗುಡಿಸಿ ಕಳೆದುಕೊಂಡ ಮಡಿ

ಸಿಂಧನೂರಿಗೆ ಬಂದ ಮೊದಲ ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೀರು ನೋಡಿ ನನಗೆ ಗಾಬರಿಯಾಯಿತು. ಕಾಲುವೆಯ ತುಂಬ ನೀರು, ಕಾಲುವೆ ದಾಟಿದರೆ ಗದ್ದೆಯ ತುಂಬ ನೀರು, ಒಂದು ಕಡೆ ಬದು ಒಡೆದು ರಸ್ತೆಯ ಮೇಲೂ ನೀರು. ನಿಲ್ಲಿಸಲು ಒಬ್ಬರೂ ಓಡಿ ಬರುತ್ತಿಲ್ಲ. ನಾನು ಕೋಲಾರದ ಕಡೆಯವಳು. ನಮ್ಮಲ್ಲಿ ಬೀದಿ ನಲ್ಲಿ ತೊಟ್ಟಿಕ್ಕಿದರೆ ಬೀದಿಗೆ ಬೀದಿಯೇ ಎದ್ದು ಬರುತ್ತದೆ. ತಡೆಯಲಾರದೆ ಪಕ್ಕದಲ್ಲಿದ್ದ ಹೆಂಗಸಿಗೆ, "ನೋಡಿ, ಅಲ್ಲಿ ನೀರು ಪೋಲಾಗ್ತಿದೆ" ಎಂದು ತೋರಿಸಿದೆ. ಅವಳು ನನ್ನ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ಎಲ್ಲಿ ರೀ?" ಎಂದಳು. ಖಂಡಿತ ತಮಾಷೆಗಲ್ಲ, ಅವಳಿಗೆ ಅದು ಕಾಣಲೇ ಇಲ್ಲ.

ಗೊರೇಬಾಳದ ಕಡೆಯ ಒಂದು ಶಾಲೆಗೆ ಗಣಿತ ಹೇಳಿಕೊಡಲು ಬಂದವಳು ನಾನು. ಗಂಡನ ಕೆಲಸ ಊರಿನಲ್ಲೇ, ಹಾಗಾಗಿ ಒಬ್ಬಳೇ ಬಂದೆ. ಮನೆ ಹುಡುಕುವಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಒಬ್ಬಾಕೀನ ಇರಾಕಿ ಏನ್ರೀ?" ಕೊನೆಗೆ ಮಸ್ಕಿ ರಸ್ತೆಯ ಬದಿಯ ಹೊಸ ಬಡಾವಣೆಯಲ್ಲಿ ಶರಣಮ್ಮ ಎಂಬಾಕೆ ತಮ್ಮ ಮನೆಯ ಪಕ್ಕದ ಎರಡು ಕೋಣೆ ಕೊಟ್ಟರು. ಮಸ್ಕಿ ಅವರ ತವರು. ಮಾತು ಒರಟು, ಕೈ ದೊಡ್ಡದು. ಮೊದಲ ದಿನವೇ ರೊಟ್ಟಿಯ ಜೊತೆ ತಾಟಿನಲ್ಲಿ ಹಸಿ ಮೆಂತ್ಯದ ಸೊಪ್ಪು, ಮೂಲಂಗಿಯ ಎಲೆ, ಈರುಳ್ಳಿ ತಪ್ಪಲು ಇಟ್ಟುಕೊಂಡು ಬಂದರು. ಬೇಯಿಸಿ ತಿನ್ನಲು ಕೊಟ್ಟಿದ್ದಾರೆಂದು ತಿಳಿದು ಒಲೆ ಹಚ್ಚಿದೆ. "ಅಯ್ಯ ಅಕ್ಕೋರ, ಹಂಗ ತಿನ್ರಿ!" ಎಂದು ಕೂಗಿದರು. ಅಕ್ಕೋರು ಎಂದರೆ ಇಲ್ಲಿ ಟೀಚರಮ್ಮ. ನನ್ನ ಹೆಸರು ಇಲ್ಲಿ ಯಾರಿಗೂ ಬೇಕಾಗಿಲ್ಲ. ಮೊದಮೊದಲು ಅದರಿಂದ ಬೇಸರವಾಗುತ್ತಿತ್ತು.

ಬೇಸರಕ್ಕೆ ಬೇರೆ ಕಾರಣಗಳೂ ಇದ್ದವು. ಕನ್ನಡವೇ ಆದರೂ ಅರ್ಧ ಮಾತು ತಪ್ಪಿಹೋಗುತ್ತಿತ್ತು. ಯಾರು ಬೈಯುತ್ತಿದ್ದಾರೆ, ಯಾರು ಪ್ರೀತಿಯಿಂದ ಮಾತಾಡುತ್ತಿದ್ದಾರೆ ಎಂದು ಧ್ವನಿಯಿಂದ ತಿಳಿಯುವಂತಿರಲಿಲ್ಲ. ಶಾಲೆ ಬಿಟ್ಟು ಬಂದು ಬಾಗಿಲು ತೆಗೆದರೆ ಒಳಗೆ ಬಿಸಿಗಾಳಿ. ಗಂಡನಿಗೆ ಫೋನ್ ಮಾಡಿದರೆ "ಊಟ ಆಯ್ತಾ" ಎನ್ನುವುದರೊಳಗೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು. ಇದನ್ನು ನೋಡಿಯೇ ಇರಬೇಕು, ಒಂದು ದಿನ ಶರಣಮ್ಮ ಕೈ ಹಿಡಿದು ಬಡಾವಣೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು.

ಪಾರ್ಕಿಗೆಂದು ಬಿಟ್ಟ ಜಾಗ ಅದು. ಪಾರ್ಕು ಬರುವವರೆಗೆ ಸುಮ್ಮನೆ ಯಾಕೆ ಬಿಡುವುದೆಂದು ಬಡಾವಣೆಯವರು ಅದನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಕಾಯಿಪಲ್ಯ ಬೆಳೆಯುತ್ತಿದ್ದರು. ಒಂದೊಂದು ಪಟ್ಟಿಗೂ ಮಡಿ ಎನ್ನುತ್ತಾರೆ. ಕಾಲುವೆಯ ಬಸಿನೀರು ಪಕ್ಕದಲ್ಲೇ ಹರಿಯುತ್ತದೆ. ಯಾರೋ ವರ್ಗವಾಗಿ ಹೋಗಿ ಒಂದು ಮಡಿ ಖಾಲಿ ಬಿದ್ದಿತ್ತು, ಅದು ನನಗೆ ಬಂತು. ನಮ್ಮ ಕೆಂಪು ಮಣ್ಣು ಕೈಗೆ ಹತ್ತಿದರೆ ಕೊಡವಿದಾಕ್ಷಣ ಉದುರುತ್ತದೆ. ಇಲ್ಲಿಯ ಎರೆ ಮಣ್ಣು ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ. ಬರಿಗಾಲಲ್ಲಿ ಇಳಿದೆ. ಬದನೆ, ಅವರೆ, ಕೊತ್ತಂಬರಿ ಹಾಕಿದೆ. ಎಲ್ಲ ಮಡಿಯವರೂ ಸಂಜೆ ಅಲ್ಲಿಗೆ ಬರುವವರೇ. ಸೊಂಟಕ್ಕೆ ಸೆರಗು ಕಟ್ಟಿ ನಿಂತವಳ ಜೊತೆ ಯಾರಾದರೂ ಮಾತಾಡುತ್ತಾರೆ, ಬೀಗ ತೆಗೆದು ಒಳಗೆ ಹೋಗುವವಳ ಜೊತೆ ಯಾರು ಮಾತಾಡುತ್ತಾರೆ? ಆ ಮಡಿ ಇಲ್ಲದಿದ್ದರೆ ಮೊದಲ ವರ್ಷವೇ ಗಂಟುಮೂಟೆ ಕಟ್ಟುತ್ತಿದ್ದೆ. ಅದನ್ನು ಕಳೆದುಕೊಂಡ ಮೇಲೆ ಹೀಗೆ ಹೇಳುತ್ತಿಲ್ಲ, ಆಗಲೂ ನನಗೆ ಇದು ಗೊತ್ತಿತ್ತು.

ಮಡಿಗಳ ಉಸ್ತುವಾರಿ ಅಮರೇಶಪ್ಪ ಎಂಬ ಹಿರಿಯರದು. ಲಿಂಗಸುಗೂರು ಕಡೆಯ ಒಣಭೂಮಿಯ ಮನೆತನ, ಸರ್ಕಾರಿ ನೌಕರಿಯಿಂದ ನಿವೃತ್ತಿಯಾಗಿ ಇಲ್ಲಿ ನೆಲೆಸಿದವರು. ಐತಾರ, ಅಂದರೆ ಭಾನುವಾರ, ಬೆಳಿಗ್ಗೆ ಕೋಲು ಹಿಡಿದು ಎಲ್ಲ ಮಡಿ ಸುತ್ತುತ್ತಾರೆ. ಕಸ ಕಂಡರೆ, ಕಳೆಗೂ ಇಲ್ಲಿ ಕಸವೆಂದೇ ಹೆಸರು, ಕೋಲಿನಿಂದ ತೋರಿಸಿ ಮುಂದೆ ಹೋಗುತ್ತಾರೆ. ಸರಿಮಾಡದಿದ್ದರೆ ಮಡಿ ಬೇರೆಯವರಿಗೆ. ಕಾಯುತ್ತಿದ್ದವರು ಬೇಕಾದಷ್ಟು ಜನ.

ನನ್ನ ಮಡಿಯ ಮುಂದೆ ಅವರ ಕೋಲು ಪ್ರತಿ ವಾರ ನಿಂತಿತು. ಸಾಲುಗಳ ನಡುವೆ ತಾನಾಗಿ ಎದ್ದ ಅಣ್ಣೆಸೊಪ್ಪು, ಗೋಣಿಸೊಪ್ಪುಗಳನ್ನು ನಾನು ಬೇಕೆಂದೇ ಬಿಟ್ಟಿದ್ದೆ. ನಮ್ಮ ಕಡೆ ಹೀಗೆ ಹೊಲದಲ್ಲಿ ತಾವಾಗಿ ಬೆಳೆದವನ್ನೆಲ್ಲ ಕೂಡಿಸಿ ಬೆರಕೆಸೊಪ್ಪು ಎನ್ನುತ್ತೇವೆ. ಬೇಳೆ ಹಾಕಿ ಬೇಯಿಸಿ ಮಸೆದರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ.

"ಇದು ಕಸ ಅಲ್ಲ ಅಮರೇಶಪ್ಪನವರೇ, ಊಟ" ಎಂದೆ.

"ಇದನ್ನ ನಮ್ಮ ಎಮ್ಮಿ ಸೈತ ಮೂಸಂಗಿಲ್ರೀ ಅಕ್ಕೋರ."

"ನಿಮ್ಮ ಬದುವಿನ ಮೇಲೂ ಏನೋ ತಾನಾಗಿ ಬೆಳೆದಿದೆಯಲ್ಲ?"

ಅವರು ತಿರುಗಿ ನೋಡಿದರು. ನಾನು ತೋರಿಸಿದ ಗಿಡದ ಎಲೆ ಕಿತ್ತು, ಅಂಗೈಗೆ ಒರೆಸಿ, ಬಾಯಿಗೆ ಹಾಕಿಕೊಂಡು ಹೇಳಿದರು: "ಅದು ಹಕ್ಕರಿಕಿ ಐತ್ರೀ." ಅಷ್ಟೇ ಉತ್ತರ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಕಾಡು ಸೊಪ್ಪು ಹಕ್ಕರಿಕಿ. ಅವರದು ತಾನಾಗಿ ಬೆಳೆದರೆ ಪಲ್ಯ, ನನ್ನದು ತಾನಾಗಿ ಬೆಳೆದರೆ ಕಸ. ಇದು ಯಾವ ಲೆಕ್ಕವೋ ಗಣಿತದವಳಿಗೂ ಬಗೆಹರಿಯಲಿಲ್ಲ.

ಆ ಸೊಪ್ಪಿನಲ್ಲೇ ಮಸ್ಸೊಪ್ಪು ಮಾಡಿ ಶರಣಮ್ಮನಿಗೆ ಕೊಟ್ಟೆ. ಬಟ್ಟಲು ಬಳಿದು ತಿಂದು, "ಚೊಲೋ ಐತ್ರೀ" ಎಂದರು. ಅಮರೇಶಪ್ಪನಿಗೆ ಒಂದು ಮಾತು ಹೇಳಿ ಎಂದೆ. "ಏನಂತ ಹೇಳ್ಲಿ? ರುಚಿ ಐತಿ ಖರೇ. ಆದ್ರ ಕಸ ಕಸಾನ." ಕೈ ತೊಳೆಯಲು ಎದ್ದುಹೋದರು.

ಕೊನೆಗೆ ಅಮರೇಶಪ್ಪ ಖಡಾಖಂಡಿತ ಹೇಳಿದರು: "ಮುಂದಿನ ಐತಾರಕ್ಕ ಮಡಿ ಸಾಫ್ ಇರಬೇಕ್ರೀ. ಇಲ್ಲಂದ್ರ ನಾ ಏನೂ ಮಾಡಾಕ ಬರಂಗಿಲ್ಲ." ನನಗೆ ಸಿಟ್ಟು, ಅಳು ಎರಡೂ ಬಂತು. ಒಂದೊಂದಾಗಿ ಅಣ್ಣೆಸೊಪ್ಪು ಕಿತ್ತೆ. ಅದೇ ವಾರ ನಾದಿನಿಯ ಮಗುವಿನ ನಾಮಕರಣಕ್ಕೆ ಕೋಲಾರಕ್ಕೆ ಹೋಗಬೇಕಾಗಿ ಬಂತು. ನಾಮಕರಣದ ಮನೆಯಲ್ಲೂ ನನಗೆ ಮಡಿಯದೇ ಚಿಂತೆ, ಬಂದವರೆಲ್ಲ "ಅಲ್ಲಿ ಹೇಗಿದ್ದೀಯಮ್ಮ" ಎಂದರೆ ಕಸದ ಕಥೆ ಹೇಳಿ ನಗೆಪಾಟಲಾದೆ.

ತಿರುಗಿ ಬಂದದ್ದು ಎಳ್ಳಮವಾಸ್ಯೆಯ ಮರುದಿನ, ಅದು ಅಮರೇಶಪ್ಪ ಹೇಳಿದ ಐತಾರವೇ. ಬ್ಯಾಗನ್ನು ಮನೆಯಲ್ಲಿಟ್ಟು ನೇರ ಬಯಲಿಗೆ ನಡೆದೆ. ನೋಡಿದರೆ ಮಡಿಗಳ ತುಂಬ ಅನ್ನ! ಮೊಸರನ್ನದ ಉಂಡೆ, ಕಡುಬಿನ ಚೂರು, ಪುಂಡಿಪಲ್ಯ, ಹೋಳಿಗೆಯ ತುಂಡು, ಬದನೆಯ ಗಿಡದ ಮೇಲೂ ಅನ್ನ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಕಲ್ಲುಗಳಿಗೆ ಪೂಜೆಯಾಗಿತ್ತು. ಪೂಜೆ ಮಾಡಿ ಉಂಡವರಿಗೆ ಎಂಜಲು ಎತ್ತುವ ಬುದ್ಧಿ ಬೇಡವೇ ಎಂದು ಬೈದುಕೊಂಡೆ. ಅನ್ನ ಕಾಲಿಗೆ ಸಿಗಬಾರದು ಎಂದು ಬೆಳೆದವಳು ನಾನು. ಮೇಲಾಗಿ ಅಮರೇಶಪ್ಪ ಬರುವ ಹೊತ್ತು. ಪೊರಕೆ ತಂದೆ. ನನ್ನ ಮಡಿ ಗುಡಿಸಿದೆ, ಬದು ಗುಡಿಸಿದೆ, ಪಾಪ ಶರಣಮ್ಮನಿಗೆ ಸೊಂಟನೋವು ಎಂದು ಅವರ ಮಡಿಯನ್ನೂ, ಅದರ ಆಚೆಯದನ್ನೂ ಗುಡಿಸಿ ಬುಟ್ಟಿಗೆ ತುಂಬಿ ಕಸದ ಗಾಡಿಗೆ ಸುರಿದು ಬಂದೆ. ಇವತ್ತು ಅಮರೇಶಪ್ಪನ ಕೋಲಿಗೆ ಕೆಲಸವಿಲ್ಲ ಎಂದುಕೊಂಡು ಕಾಯುತ್ತ ಕೂತೆ.

ಮೊದಲು ಬಂದದ್ದು ಶರಣಮ್ಮ. ನಿಂತಲ್ಲೇ ನಿಂತರು.

"ಯಾರ್ ಬಳದ್ರಿ ಇದನ್ನ?"

"ನಾನೇ! ನಿಮ್ಮದೂ ಗುಡಿಸಿಬಿಟ್ಟೆ" ಎಂದೆ, ಹೆಮ್ಮೆಯಿಂದ.

ಶರಣಮ್ಮ ಬದುವಿನ ಮೇಲೆ ಕುಸಿದು ಕೂತರು. "ಅಕ್ಕೋರ, ಅದು ಚರಗ ರೀ. ಭೂಮ್ತಾಯಿ ಬಸುರಿ ಆಗ್ಯಾಳಂತ ನಾವು ಆಕಿಗೆ ಉಣಿಸಿದ್ದು. ಬಸುರಿ ಮುಂದಿನ ತಾಟ ಎಳಕೊಂಡಂಗಾತಲ್ರೀ!"

ಪೈರು ಹೊಡೆ ತುಂಬಿರುವ ಕಾಲದ ಎಳ್ಳಮವಾಸ್ಯೆಯ ದಿನ ಇಲ್ಲಿಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಒಬ್ಬರು ಮುಂದೆ ಅಡುಗೆ ಚೆಲ್ಲುತ್ತ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ನಡೆಯುತ್ತಾರೆ. ಅದೇ ಚರಗ. ಹಕ್ಕಿ, ಇರುವೆ, ಮಣ್ಣು ತಿಂದು ಮುಗಿಸುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ನನ್ನ ಮಡಿಗೂ ಶರಣಮ್ಮನೇ ಚೆಲ್ಲಿದ್ದರಂತೆ, ಊರಲ್ಲಿಲ್ಲದವಳ ಮಡಿ ಉಪವಾಸ ಇರಬಾರದೆಂದು. ಇದನ್ನು ಕೇಳಿ ನನಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು.

ಅಮರೇಶಪ್ಪ ಬಂದರು, ಕೇಳಿದರು. ಕೂಗಾಡಲಿಲ್ಲ. "ಆತು ಬಿಡ್ರಿ ಅಕ್ಕೋರ, ಇನ್ನೇನ್ ಮಾಡಾಕ ಬರ್ತೈತಿ" ಎಂದರು. ನಮ್ಮಲ್ಲಿ "ಆಯ್ತು ಬಿಡಮ್ಮ" ಎಂದರೆ ಮಾತು ಮುಗಿಯಿತು, ಮನ್ನಿಸಿದೆ ಎಂದರ್ಥ. ಹಾಗೇ ತಿಳಿದು ಸಮಾಧಾನಪಟ್ಟೆ.

ವಾರದ ನಡುವೆ ಮಿಲಿಂದ ಸಿಕ್ಕಿದರು. ನನ್ನ ಮಡಿಯ ಇನ್ನೊಂದು ಪಕ್ಕದ ಮಡಿ ಅವರದು, ಕಚೇರಿಯೊಂದರಲ್ಲಿ ಗುಮಾಸ್ತ. "ಐತಾರ ಎಲ್ರೂ ಬನ್ನಿ ಗಿಡದ ಕಟ್ಟಿ ಮ್ಯಾಲ ಕೂಡಾಕತ್ತೀವ್ರಿ, ಬರ್ರಿ" ಎಂದು ಹೇಳಿ ಗಾಡಿ ಓಡಿಸಿದರು. ನನ್ನ ವಿಷಯವೇ ಮಾತಿಗೆ ಬರುತ್ತದೆಂದು ಊಹಿಸಿದೆ. ಊಹಿಸಿದ್ದಕ್ಕೇ ಹೋಗಲಿಲ್ಲ. ನಮ್ಮ ಕಡೆ ಹಿರಿಯರು ನಿನ್ನ ತಪ್ಪಿನ ಬಗ್ಗೆ ಕೂತು ಮಾತಾಡುವಾಗ ನೀನು ಹೋಗಿ ಎದುರಿಗೆ ಕೂತರೆ ಅದು ಭಂಡತನ. ಮರ್ಯಾದಸ್ಥರು ಮನೆಯಲ್ಲಿದ್ದು ಕಾಯುತ್ತಾರೆ. ನಾನೂ ಕಿಟಕಿ ಹಾಕಿಕೊಂಡು, ಕಾಫಿ ಕುಡಿಯುತ್ತ, ಮರ್ಯಾದೆಯಿಂದ ಕಾದೆ.

ಮಡಿ ಹೋಯಿತು. ವಳಕಮದಿನ್ನಿಯಿಂದ ಮಕ್ಕಳ ಓದಿಗೆಂದು ಬಂದ ಒಂದು ಕುಟುಂಬಕ್ಕೆ ಕೊಟ್ಟರು.

ಅಂದು ಸಂಜೆಯೇ ಮಿಲಿಂದರನ್ನು ತಡೆದು ನಿಲ್ಲಿಸಿ ಕೇಳಿದೆ. ಅವರದು ಬೌದ್ಧ ಮನೆತನ. ಎಳ್ಳಮವಾಸ್ಯೆಗೆ ಎಲ್ಲರ ಜೊತೆ ಕೂತು ಉಣ್ಣುತ್ತಾರೆ, ಚರಗ ಚೆಲ್ಲುವುದಿಲ್ಲ ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. "ನೀವು ಚೆಲ್ಲುವುದೇ ಇಲ್ಲ, ನಿಮ್ಮ ಮಡಿ ನಿಮಗಿದೆ. ನನ್ನದು ಯಾಕೆ ಹೋಯಿತು?"

"ನಾವು ಚೆಲ್ಲಂಗಿಲ್ರಿ. ನೀವು ಮಂದಿ ಚೆಲ್ಲಿದ್ದನ್ನ ಬಳದೀರಿ" ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಅದಕ್ಕಂತ ಹೋಗಿಲ್ರಿ ಅಕ್ಕೋರ. ಗೊತ್ತಿಲ್ದ ಮಾಡ್ಯಾರ ಅಂತ ಎಲ್ರೂ ಅಂದ್ರು. ಚಾ ಆರೋ ತನಕ ನಿಮ್ಮ ದಾರಿ ನೋಡಿದ್ವಿ. ನೀವು ಬಂದು ಸುಮ್ನ ಕುಂತಿದ್ರ ಸಾಕಿತ್ತು. ಬರ್ಲಿಲ್ಲಂದ್ರ ಆಕಿಗೆ ಮಡಿ ಬ್ಯಾಡಾಗೈತಿ ಅಂತ ತಿಳಕೊಂಡ್ವಿ."

ಶರಣಮ್ಮನನ್ನು ಕೇಳಿದರೆ, "ಅವ್ರು ನಿನ್ನ ಕರದಾರ, ನೀ ಹೋಗಿಲ್ಲ. ಕರದ್ರ ಬರಲಾರ್ದಾಕಿಗೆ ಏನ್ ಅನಬೇಕವ್ವ?" ಎಂದರು. ಮೊದಲ ಸಲ ಅವರು 'ರೀ' ಬಿಟ್ಟು ನನ್ನನ್ನು 'ನೀ' ಎಂದಿದ್ದರು. ಅದು ಸಿಟ್ಟೋ, ಸಲಿಗೆಯೋ, ಕೇಳಲು ಧೈರ್ಯವಾಗಲಿಲ್ಲ. ಅಮರೇಶಪ್ಪನನ್ನು ಕೇಳಿದೆ. ಅವರು ಚರಗದ ಹೆಸರೂ ಎತ್ತಲಿಲ್ಲ, ಕಟ್ಟೆಯ ಹೆಸರೂ ಎತ್ತಲಿಲ್ಲ. "ಕಸ ಇತ್ತಲ್ರೀ" ಎಂದರು.

ಕಸ ಬೆಳೆಸಿದ್ದಕ್ಕೆ ಹೋಯಿತೋ, ಕಸವಲ್ಲದ್ದನ್ನು ಗುಡಿಸಿದ್ದಕ್ಕೋ, ಮರ್ಯಾದೆಯೆಂದು ಮನೆಯಲ್ಲಿ ಕೂತಿದ್ದಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂವರೂ ಸುಳ್ಳು ಹೇಳುವವರಲ್ಲ. ಅಮರೇಶಪ್ಪ ನನ್ನ ಮರ್ಯಾದೆ ಉಳಿಸಲೆಂದೇ ಚಿಕ್ಕ ಕಾರಣ ಹೇಳಿದರೇ ಎಂದೂ ಒಮ್ಮೊಮ್ಮೆ ಅನಿಸುತ್ತದೆ. ಒಂದೊಂದು ದಿನ ಅವರ ಮೇಲೆ ಸಿಟ್ಟು ಬರುತ್ತದೆ. ಇನ್ನೊಂದು ದಿನ ಹೋಗಿ ಕಾಲಿಗೆ ಬೀಳೋಣ ಎನಿಸುತ್ತದೆ. ಎರಡನ್ನೂ ಮಾಡಿಲ್ಲ.

ಹೊಸದಾಗಿ ಬಂದವರ ಮೇಲಾದರೂ ದ್ವೇಷ ಸಾಧಿಸೋಣವೆಂದರೆ ಆ ಹೆಂಗಸು ಒಳ್ಳೆಯವಳು. ನಾನು ಆ ದಾರಿಯಲ್ಲಿ ಹಾದರೆ ಸಾಕು, "ಬರ್ರಿ ಅಕ್ಕೋರ, ಚಾ ಕುಡಿದು ಹೋಗ್ರಿ" ಎಂದು ಕೂಗುತ್ತಾಳೆ. ಮಡಿಯನ್ನು ಬಾಚಿಟ್ಟ ತಲೆಯಂತೆ ಇಟ್ಟಿದ್ದಾಳೆ. ನಾನು ಈಗ ಆ ದಾರಿ ಬಿಟ್ಟು ಸುತ್ತಿ ಹೋಗುತ್ತೇನೆ. ಮತ್ತೆ ಮಡಿ ಸಿಗುತ್ತದೆಯೇ ಎಂದು ಅಮರೇಶಪ್ಪನನ್ನು ಕೇಳಿದ್ದಕ್ಕೆ, "ಸಿಕ್ತೈತ್ರಿ, ಯಾರಾರ ಬಿಟ್ರ" ಎಂದರು. ಇಲ್ಲಿ ಯಾರೂ ಬಿಡುವವರ ಹಾಗೆ ಕಾಣುವುದಿಲ್ಲ.

ಮೊನ್ನೆ ವರ್ಗಾವಣೆಗೆ ಅರ್ಜಿ ಕರೆದರು. ಈ ಸಲ ಕೋಲಾರಕ್ಕೆ ಸಿಗುವುದು ಬಹುತೇಕ ಖಚಿತ ಎಂದು ಸಹೋದ್ಯೋಗಿಗಳೆಲ್ಲ ಹೇಳಿದರು. ಬಂದ ಹೊಸತರಲ್ಲಿ ಇದೇ ಸುದ್ದಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದವಳು ನಾನು. ಗಂಡನ ಫೋನ್ ಬಂತು.

"ಹಾಕಿದ್ಯೇನೇ ಅರ್ಜಿ?"

"ಇಲ್ಲ."

"ಯಾಕೆ? ಅಲ್ಲೇನೈತೆ ನಿಂಗೆ?"

"ಏನೂ ಇಲ್ಲ."

"ಇದ್ದ ಒಂದು ಮಡೀನೂ ಕಿತ್ಕೊಂಡ್ರು ಅಂತ ನೀನೇ ಅಳ್ತಿದ್ದೆ. ಬಾ ಅತ್ಲಾಗೆ."

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ: "ಮಡಿ ಇದ್ದಿದ್ರೆ ಯಾರ ಕೈಗಾದರೂ ಕೊಟ್ಟು ಬರ್ತಿದ್ದೆ. ಈಗ ಹಿಂಗೆ ಕಳ್ಕೊಂಡವಳು ಹೆಂಗ್ ಬರ್ಲಿ?"