ಮೆಟ್ಟಿಲ ಮೇಲೆ ಕೂತ ನಾಗಶ್ರೀ

ನಾಗಶ್ರೀ ತೀರಿಕೊಂಡು ತಿಂಗಳಾಗುತ್ತ ಬಂತು. ಅವಳ ಬಗ್ಗೆ ಬರೆದುಕೊಡಿ ಎಂದು ಕೇಳಿದವರು ಫೋನಿನಲ್ಲಿ ಅವಳನ್ನು ಸಮಾಜಸೇವಕಿ ಎಂದರು. ಅವಳು ಬದುಕಿದ್ದರೆ ಆ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಬೈತಖೋಲದ ಮೀನುಗಾರರ ಕೇರಿಯಲ್ಲಿ, ಸಂಜೆ ಶಾಲೆ ಮುಗಿಸಿ ಬರುವ ಮಕ್ಕಳಿಗಾಗಿ ಒಂದು ಕೋಣೆ ತೆರೆದಿಟ್ಟಿದ್ದಳು, ಅಷ್ಟೆ. ಅದನ್ನು ತೆರೆದಿಡುವುದು ಹೇಗೆಂದು ಕಲಿಯಲು ಅವಳಿಗೂ ಸ್ವಲ್ಪ ಸಮಯ ಹಿಡಿಯಿತು.

ಕೈಗಾದ ಕಂಪನಿ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ವರ್ಷಗಟ್ಟಲೆ ಓಡಾಡಿದವರು. ಕಚೇರಿಯಲ್ಲಿ ನಮ್ಮ ಮೇಜುಗಳು ದೂರ ದೂರ. ಗೆಳೆತನ ಬೆಳೆದದ್ದೆಲ್ಲ ಬಸ್ಸಿನಲ್ಲಿ. ನಾನು ಅಂಕೋಲೆಯವಳು, ಮೀನಿಲ್ಲದೆ ಅನ್ನ ಇಳಿಯದವಳು. ಅವಳು ಯಲ್ಲಾಪುರದ ಕಡೆಯ ಹವ್ಯಕರ ಮಗಳು. ನನ್ನ ಚೀಲದಲ್ಲಿ ಡಬ್ಬಿ ಸ್ವಲ್ಪ ವಾಲಿದರೂ ಸಾಕು, ಅವಳ ಕೈ ಕಿಟಕಿಗೆ ಹೋಗುತ್ತಿತ್ತು.

“ಸಂಧ್ಯಾ, ನಿನ್ನ ಡಬ್ಬಿಗೆ ಬೇರೆ ಬಸ್ಸು ಮಾಡಿಸ್ಬೇಕು ಮಾರಾಯ್ತಿ” ಎನ್ನುತ್ತಿದ್ದಳು.

“ಮಾಡ್ಸು. ನಾನೂ ಅದ್ರಲ್ಲೇ ಹೋಗ್ತೆ. ನೀನೊಬ್ಳೇ ಇದ್ರಲ್ಲಿ ಕೂತು ಮಾತಾಡ್ಕೋ.”

ಅವಳು ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೂ ಬೈತಖೋಲದ ಏರಿನ ಮೇಲಿದ್ದ ಬಾಡಿಗೆ ಮನೆ ಬಿಡಲಿಲ್ಲ. ಅಲ್ಲಿಂದ ಮೀನುಗಾರರ ದಕ್ಕೆ ಪೂರ್ತಿ ಕಾಣುತ್ತಿತ್ತು. ಸಂಜೆ ದೋಣಿಗಳು ಬಂದು ಮೀನಿನ ಹರಾಜು ಶುರುವಾದರೆ ಕೇರಿಯ ಹೆಂಗಸರೆಲ್ಲ ಅಲ್ಲೇ. ಮನೆಗಳಿಗೆ ಬೀಗ. ಶಾಲೆ ಬಿಟ್ಟ ಮಕ್ಕಳು ಪಾಟಿಚೀಲದ ಸಮೇತ ದಕ್ಕೆಗೆ ಇಳಿದು, ಐಸು ತುಂಬಿದ ಲಾರಿಗಳ ನಡುವೆ ಆಡುತ್ತಿದ್ದವು. ಒಂದು ಸಂಜೆ, ತಮ್ಮನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದ ಪ್ರೇಕ್ಷಾ ಎಂಬ ಹುಡುಗಿಯ ಬೆನ್ನಿಗೇ ಒಂದು ಲಾರಿ ಹಿಂದಕ್ಕೆ ಬಂತು. ಯಾರೋ ಕೂಗಿದರು, ಲಾರಿ ನಿಂತಿತು, ಹುಡುಗಿ ಉಳಿದಳು. ಮೇಲೆ ನಿಂತು ನೋಡುತ್ತಿದ್ದ ನಾಗಶ್ರೀಗೆ ಆ ರಾತ್ರಿ ಊಟ ಸೇರಲಿಲ್ಲವಂತೆ. ಮರುದಿನವೇ ಹೊರಟು, ದಕ್ಕೆಯ ಮೇಲ್ಗಡೆ ಬಲೆ ಇಡುವ ಒಂದು ಹಳೆಯ ಕೋಣೆ ಹಿಡಿದಳು.

ಮಕ್ಕಳು ದಕ್ಕೆಯಿಂದ ಮೇಲೆ ಬರಬೇಕು, ಅವಳಿಗೆ ಬೇಕಾದದ್ದು ಇಷ್ಟೇ. ಅದಕ್ಕಾಗಿ ಅವಳು ಯೋಚಿಸಿದ್ದೆಲ್ಲ ಸರಿಯಾಗಿಯೇ ಇತ್ತು. ಶಾಲೆ ಬಿಟ್ಟು ಬಂದ ಮಗುವಿಗೆ ಮತ್ತೊಂದು ಶಾಲೆ ಬೇಡ ಎಂದು ಕರಿಹಲಗೆ ತರಲಿಲ್ಲ. ಎಳೆಯ ತಮ್ಮ ತಂಗಿಯರನ್ನು ಕರೆತರಬಾರದು ಎಂದರೆ ದೊಡ್ಡ ಹುಡುಗಿಯರು ಬರುವಂತೆಯೇ ಇಲ್ಲ ಎಂದು, ಮೂಲೆಯಲ್ಲಿ ಒಂದು ಸೀರೆಯ ತೊಟ್ಟಿಲು ಕಟ್ಟಿದಳು. ಕೇರಂ ಬೋರ್ಡು, ಬಣ್ಣ, ನನ್ನ ಮನೆಯ ಹಳೆಯ ಪತ್ರಿಕೆಗಳು, ದೊಡ್ಡ ಚಾಪೆ. ತಾಯಿ ಬರುವವರೆಗೂ ಬಾಗಿಲು ಹಾಕುವಂತಿಲ್ಲ. ಸುಮ್ಮನೆ ಮಲಗಬೇಕೆನಿಸಿದ ಮಗು ಮಲಗಬಹುದು.

ಒಂದೇ ಒಂದು ಮಾತು ಮಾತ್ರ ಅವಳು ಯೋಚಿಸದೆ ಆಡಿದಳು. ಮಕ್ಕಳಿಗೆ ಸಂಜೆಯ ಹಸಿವಿಗೆಂದು ತಾಯಂದಿರು ಅನ್ನ, ಹುರಿದ ಮೀನು ಡಬ್ಬಿಗೆ ಹಾಕಿಟ್ಟಿರುತ್ತಿದ್ದರು. ಮೊದಲ ದಿನ ಪ್ರೇಕ್ಷಾ ಡಬ್ಬಿ ತೆರೆದದ್ದೇ ನಾಗಶ್ರೀ ಮೂಗಿಗೆ ಸೆರಗು ಹಿಡಿದು, “ಮೀನಿನ ಡಬ್ಬಿ ಹೊರಗೆ ಮಗಾ. ಮೆಟ್ಟಿಲ ಮೇಲೆ ಕೂತು ತಿಂದು ಬಾ” ಎಂದಳು. ಹುಡುಗಿ ಹೊರಗೆ ಹೋಗಿ ತಿಂದಳು, ಕೈ ತೊಳೆದಳು, ತಮ್ಮನನ್ನು ಎತ್ತಿಕೊಂಡು ಹೋದಳು. ಒಳಗೆ ಬರಲಿಲ್ಲ. ಆ ವಾರ ಮುಗಿಯುವಷ್ಟರಲ್ಲಿ ಕೋಣೆ ಖಾಲಿ. ಮಕ್ಕಳು ಮತ್ತೆ ಲಾರಿಗಳ ನಡುವೆ.

ನನ್ನನ್ನು ಕರೆದುಕೊಂಡು ಅವಳು ದಕ್ಕೆಗೆ ಇಳಿದಳು. ಪ್ರೇಕ್ಷಾಳ ತಾಯಿ ಗಂಗೂ ಬಂಗಡೆಯ ಬುಟ್ಟಿಯ ಮುಂದೆ ಕೂತಿದ್ದಳು.

“ಏನ್ ಬಾಯೀ, ಬಂಗಡೆ ಬೇಕಾ?” ಎಂದಳು ನಾಗಶ್ರೀಯನ್ನೇ ನೋಡಿ. ಸುತ್ತಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

“ಮಕ್ಳು ಯಾಕೆ ಬರೂದಿಲ್ಲ ಗಂಗಕ್ಕ?”

“ಹೊರಗೆ ಕೂತು ತಿನ್ನು ಅಂದ್ರಂತಲ್ಲ ನನ್ನ ಹುಡ್ಗಿಗೆ. ಹೊರಗೆ ಕೂತು ತಿನ್ನೂದು ನಮ್ಮ ಅಜ್ಜಿ ಕಾಲಕ್ಕೆ ಮುಗೀತು ಬಾಯೀ.”

“ಅಯ್ಯೋ ದೇವರೇ, ನಾ ಹಾಗೆ ಹೇಳಿದ್ದಲ್ಲ. ವಾಸನೆಗೆ ಹೇಳಿದ್ದು.”

“ಹೌದಾ? ವಾಸನೆ ಮೀನಿಗೋ ನಮಗೋ?”

ನನಗೆ ಅಲ್ಲಿಂದ ಹೊರಟುಹೋದರೆ ಸಾಕಾಗಿತ್ತು. ನಾಗಶ್ರೀ ಆ ಒದ್ದೆ ನೆಲದ ಮೇಲೆ, ಬುಟ್ಟಿಯ ಎದುರಿಗೇ ಕುಕ್ಕರುಗಾಲಲ್ಲಿ ಕೂತಳು. ಈ ಸಲ ಸೆರಗು ಮೂಗಿಗೆ ಹೋಗಲಿಲ್ಲ.

“ನಾಳೆಯಿಂದ ಮಕ್ಳು ಒಳಗೇ ತಿನ್ಲಿ” ಎಂದಳು. “ನಂಗೆ ತಡೀಲಿಕ್ಕೆ ಆಗ್ದಿದ್ರೆ ನಾ ಹೊರಗೆ ಹೋಗ್ತೆ.”

“ನೋಡೂವಾ” ಎಂದಳು ಗಂಗೂ. ನಂಬಿದ ದನಿಯಲ್ಲ ಅದು.

ಮರುದಿನ ಗಂಗೂ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಮಗಳ ಜೊತೆ ತಾನೇ ಬಂದಳು. ಕೋಣೆಯ ಮಧ್ಯ ಚಾಪೆಯ ಮೇಲೆ ಕೈಕಟ್ಟಿ ಕೂತು, “ತೆಗೀ ಡಬ್ಬಿ” ಎಂದಳು. ಮಸಾಲೆ ಹಾಕಿ ಹುರಿದ ತಾರ್ಲಿ ಮೀನು. ನನಗೋ ಬಾಯಲ್ಲಿ ನೀರು. ನಾಗಶ್ರೀ ಸ್ವಲ್ಪ ಹೊತ್ತು ಕಿಟಕಿಯ ಸರಳು ಹಿಡಿದು ನಿಂತಳು. ಆಮೇಲೆ ತನ್ನ ಅವಲಕ್ಕಿಯ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದಲೇ ಒಳಗಿನ ಪ್ರೇಕ್ಷಾಳಿಗೆ, “ಮುಳ್ಳು ನೋಡ್ಕಂಡು ತಿನ್ನು ಮಗಾ. ತಮ್ಮಂಗೆ ಬಿಡಿಸಿ ಕೊಡು” ಎಂದಳು.

ಗಂಗೂ ಕತ್ತು ಚಾಚಿ ನೋಡಿದಳು. “ಅಯ್ಯೋ, ಅಕ್ಕೋರೇ ಹೊರಗೆ ಕೂತು ತಿಂತಾರಲ್ರೇ!” ಎಂದು ನಗತೊಡಗಿದವಳು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. “ಹುಳಿ ಅವಲಕ್ಕಿ ಏನ್ರೀ ಅದು? ಇತ್ತ ತನ್ನಿ, ನಂಗೂ ಚೂರು.”

ಆ ವಾರವೇ ಮಕ್ಕಳು ದಕ್ಕೆಯಿಂದ ಮೇಲೆ ಬಂದವು.

ಅಂದಿನಿಂದ ಡಬ್ಬಿಯ ಹೊತ್ತಿಗೆ ಆ ಮೆಟ್ಟಿಲು ಅವಳದು. ಮಳೆಗಾಲದಲ್ಲಿ ದೋಣಿ ನಿಂತು ಡಬ್ಬಿಗಳಲ್ಲಿ ಒಣಮೀನು ಬಂದಾಗ ಮೆಟ್ಟಿಲೂ ಸಾಲದೆ, ಕೊಡೆ ಹಿಡಿದು ಎದುರಿನ ತೆಂಗಿನ ಮರದ ಬುಡದವರೆಗೆ ಹೋಗುತ್ತಿದ್ದಳು. “ಅಕ್ಕೋರೇ, ಮುಗೀತು, ಬನ್ನಿ!” ಎಂದು ಮಕ್ಕಳು ಕೂಗಿ ಕರೆಯುತ್ತಿದ್ದವು. ತಾನು ಅಕ್ಕೋರಲ್ಲ, ಯಾವ ಶಾಲೆಯಲ್ಲೂ ಕಲಿಸಿದವಳಲ್ಲ ಎಂದು ಎಷ್ಟು ಹೇಳಿದರೂ ಅವು ಕೇಳಲಿಲ್ಲ.

ಒಮ್ಮೆ ಯಾವುದೋ ಸಂಸ್ಥೆಯವರು ಬಂದು, ಇಲ್ಲಿ ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ವಿಚಾರಿಸಿದರು. “ಏನೂ ಇಲ್ಲ. ಬಂದವ್ರು ನಾಳೆನೂ ಬರೂಹಾಗೆ ನೋಡ್ಕಳ್ತೆ” ಎಂದಳು. ಅವರಿಗೆ ಅದು ಸಾಲಲಿಲ್ಲ. ನಾಲ್ಕು ಜನ ಸೇರುವ ಜಾಗ ಹೇಗಿರಬೇಕೆಂಬ ಬಗ್ಗೆ ನಾನು ಪುಸ್ತಕಗಳಲ್ಲಿ ಓದಿದ್ದು ಬೇಕಾದಷ್ಟಿದೆ. ಅವಳ ಆ ಮಾತಿಗಿಂತ ಹೆಚ್ಚಿನದೇನೂ ನನಗೆ ಈಗ ನೆನಪಿಗೆ ಬರುವುದಿಲ್ಲ.

ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಬೆಳಿಗ್ಗೆ ಏನಾದರೂ ಓದಿದರೆ, ಇದನ್ನು ಅವಳಿಗೆ ಹೇಳಬೇಕು ಎಂದು ಈಗಲೂ ಫೋನಿಗೆ ಕೈ ಹೋಗುತ್ತದೆ.

ಕೋಣೆಗೆ ಹೋಗುವ ಧೈರ್ಯ ಬಹಳ ದಿನ ಬರಲಿಲ್ಲ. ಮಕ್ಕಳು ಪುನಃ ಲಾರಿಗಳ ನಡುವೆ ಹೋಗಿರಬಹುದೇ ಎಂಬ ಹೆದರಿಕೆ ಕೊನೆಗೆ ನನ್ನನ್ನು ಎಬ್ಬಿಸಿತು. ಕಳೆದ ವಾರ ಹೋದೆ. ಬಾಗಿಲು ತೆರೆದೇ ಇತ್ತು. ಕೀಲಿಕೈ ಗಂಗೂಳ ಸೊಂಟದಲ್ಲಿತ್ತು. ಮೀನು ಬೇಗ ಖಾಲಿ ಮಾಡಿ ದಿನಾ ಅವಳೇ ಬಂದು ತೆರೆಯುತ್ತಿದ್ದಳಂತೆ. ಮಕ್ಕಳು ದುಂಡಗೆ ಕೂತು ಡಬ್ಬಿ ಬಿಚ್ಚುತ್ತಿದ್ದವು.

ಪ್ರೇಕ್ಷಾ ನನ್ನನ್ನು ಕಂಡವಳೇ ಎದ್ದು ಬಂದು, ಮೆಟ್ಟಿಲ ಮೇಲಿನ ಧೂಳನ್ನು ಕೈಯಿಂದ ಒರೆಸಿದಳು.

“ಇಲ್ಲಿ ಕೂತ್ಕಳಿ. ನಾವು ಬೇಗ ತಿಂದು ಕರೀತೇವೆ.”

“ನಾ ಮೀನು ತಿಂತೆ ಮಗಾ” ಎಂದೆ.

ಅವಳು ನನ್ನನ್ನು ಒಂದು ಸಲ ನೋಡಿದಳು, ಮೆಟ್ಟಿಲನ್ನೂ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದಳು. ತಮ್ಮನನ್ನು ಆಚೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿ, ತನ್ನ ಬಂಗಡೆಯ ಅರ್ಧ ಮುರಿದು ಮುಚ್ಚಳದ ಮೇಲಿಟ್ಟು ನನ್ನ ಮುಂದೆ ತಳ್ಳಿದಳು.

“ಮುಳ್ಳು ನೋಡ್ಕಂಡು ತಿನ್ನಿ” ಎಂದಳು.